ಗುಂಡಿಗೆ ಎರಡು ಕೊಡ ನೀರು

ಹೊಳೆ ದಂಡೆಯ ಒಂದು ಮಠದಲ್ಲಿ ಶಂಭುಲಿಂಗಯ್ಯನವರು ಕರೆಂಟಿನ ಕೆಲಸ ಕಲಿಸುತ್ತಿದ್ದರು. ಕಾವಿ ಉಡುವ ಮೊದಲು ಇಪ್ಪತ್ತೆರಡು ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿದವರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಅವರ ಹತ್ತಿರ ಕಲಿಯಲು ತಿಪ್ಪೇಶ ಬಂದ. ಮೂವತ್ತು ವರ್ಷದವನು, ಊರಲ್ಲಿ ಮಕ್ಕಳಿಗೆ ವಿಜ್ಞಾನದ ಟ್ಯೂಷನ್ ಹೇಳುತ್ತಿದ್ದವನು. ವೋಲ್ಟು, ಆಂಪಿಯರು, ಓಮು ಎಲ್ಲವೂ ಬಾಯಿಪಾಠ. ಸ್ಕ್ರೂಡ್ರೈವರ್ ಮಾತ್ರ ಜನ್ಮದಲ್ಲಿ ಹಿಡಿದಿರಲಿಲ್ಲ. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇರಲಿ, ಕಥೆ ನನ್ನದಲ್ಲ.

"ಸರ್ಕ್ಯೂಟ್ ಅಂದ್ರೆ ಏನಯ್ಯಾ?" ಗುರುಗಳು ಕೇಳಿದರು.

"ಕರೆಂಟು ಹೊರಟು, ಸುತ್ತಿ, ಮತ್ತೆ ಹೊರಟಲ್ಲಿಗೇ ಬಂದು ಸೇರೋ ದಾರಿ, ಗುರುಗಳೇ. ದಾರಿ ಎಲ್ಲಾದರೂ ಕಡಿದರೆ ಕರೆಂಟು ಹರಿಯಲ್ಲ."

"ಅರ್ತಿಂಗ್ ಅಂದ್ರೆ?"

ತಿಪ್ಪೇಶ ನೆಲದ ಮೇಲೆ ಬೆರಳಿಂದ ಮೂರು ಗೆರೆ ಎಳೆದ. ಒಂದು ಉದ್ದ, ಒಂದು ಗಿಡ್ಡ, ಇನ್ನೊಂದು ಅದಕ್ಕಿಂತ ಗಿಡ್ಡ. ಪುಸ್ತಕದಲ್ಲಿ ಅರ್ತಿಂಗಿನ ಗುರುತು ಹಾಗೇ ಇರುತ್ತದೆ.

ಗುರುಗಳು ಆ ಗೆರೆಗಳನ್ನೇ ನೋಡಿದರು.

"ಅಡಿಗೆಮನೆ ಹಿಂದೆ ಒಂದು ಗುಂಡಿ ಇದೆ, ಮೇಲೆ ಕಲ್ಲು ಮುಚ್ಚಿದೆ. ದಿನಾ ಬೆಳಗ್ಗೆ ಅದಕ್ಕೆ ಎರಡು ಕೊಡ ನೀರು ಹೊಯ್ಯಿ."

"ಯಾಕೆ ಗುರುಗಳೇ?"

"ಹೊಯ್ಯಿ ಅಂದೆ."

ಕಲ್ಲು ಸರಿಸಿದರೆ ಒಂದು ಕಬ್ಬಿಣದ ಪೈಪಿನ ಬಾಯಿ, ಅದಕ್ಕೆ ಬಿಗಿದ ಒಂದು ತಂತಿ. ಸುತ್ತ ಮರಳು, ಇದ್ದಿಲು. ತಿಪ್ಪೇಶ ನೀರು ಹೊಯ್ದ. ಮರುದಿನವೂ ಹೊಯ್ದ. ಮೂರು ತಿಂಗಳು ಹೊಯ್ದ. ಗುರುಗಳು ವೈರು ಸುಲಿಯುವುದನ್ನು ಕಲಿಸಿದರು, ಬಲ್ಬಿನ ಹೋಲ್ಡರ್ ಕಟ್ಟುವುದನ್ನು ಕಲಿಸಿದರು. ಗುಂಡಿಯ ಮಾತು ಮಾತ್ರ ಎತ್ತಲಿಲ್ಲ. ಇವನಿಗೆ ಒಳಗೊಳಗೇ ಕುದಿಯುತ್ತಿತ್ತು. ನಾನೇನು ಇಲ್ಲಿ ನೀರು ಹೊರೋಕೆ ಬಂದಿದ್ದೀನಾ?

ಬೇಸಿಗೆ ಬಂತು. ಗುರುಗಳು ಹನ್ನೆರಡು ದಿನ ಬೇರೆ ಊರಿಗೆ ಹೋದರು.

ಅವರು ವಾಪಸು ಬಂದಾಗ ಬಿಸಿಲು ಏರಿತ್ತು. ಅಡಿಗೆಮನೆಯಲ್ಲಿ ಗ್ರೈಂಡರ್ ಗರಗರ ತಿರುಗುತ್ತಿತ್ತು. ತಿಪ್ಪೇಶ ಅಂಗಳದಲ್ಲೇ ಕಾದು ನಿಂತಿದ್ದ.

"ಗುರುಗಳೇ, ಒಂದು ಮಾತು. ಸಿಟ್ಟು ಮಾಡ್ಕೋಬಾರದು."

"ಹೇಳು."

"ನೀವು ಹೋದ ದಿನದಿಂದ ಗುಂಡಿಗೆ ನೀರು ಹೊಯ್ದಿಲ್ಲ."

ಗುರುಗಳು ಚೀಲ ಇಳಿಸಲಿಲ್ಲ.

"ಪೂರ್ತಿ ಕೇಳಿ. ನೀವು ಹೋದ ಮಾರನೇ ದಿನವೇ ಅಡಿಗೆಮನೆ ಫ್ಯೂಸ್ ಹೋಗೋಕೆ ಶುರುವಾಯ್ತು. ಗ್ರೈಂಡರ್ ಹಾಕಿದರೆ ಸಾಕು, ಟಪ್ ಅಂತ ಸುಡ್ತಿತ್ತು. ದಿನಾ ತಂತಿ ಕಟ್ಟಿ ಕಟ್ಟಿ ನನಗೂ ಸಾಕಾಗಿತ್ತು. ಗುಂಡಿ ಒಣಗ್ತಾ ಬಂತು ನೋಡಿ, ಏಳನೇ ದಿನಕ್ಕೆ ಫ್ಯೂಸ್ ಹೋಗೋದೇ ನಿಂತೋಯ್ತು! ನೀರೇ ತೊಂದರೆ ಕೊಡ್ತಿತ್ತು, ಗುರುಗಳೇ. ಈಗ ಎಲ್ಲಾ ಸರಿಯಾಗಿದೆ. ನಾನು..."

ಚೀಲ ನೆಲಕ್ಕೆ ಬಿತ್ತು. ಎಪ್ಪತ್ತು ವರ್ಷದ ಆ ಮನುಷ್ಯ ಓಡಿದರು. ಪಡಸಾಲೆಯ ಮೈನ್ ಸ್ವಿಚ್ಚಿನ ಹಿಡಿಯನ್ನು ಕೆಳಗೆ ಎಳೆದರು. ಗ್ರೈಂಡರ್ ಗೊರ್ರ್ ಅಂದು ನಿಂತಿತು.

"ಅಯ್ಯೋ, ಯಾರದು? ಹಿಟ್ಟು ಇನ್ನೂ ಅರ್ಧಕ್ಕೇ ಇದೆ!" ಒಳಗಿಂದ ಹಾಲಮ್ಮ ಕೂಗಿದಳು. ಮಠಕ್ಕೆ ಹದಿನೆಂಟು ವರ್ಷದಿಂದ ಅಡಿಗೆ ಮಾಡುತ್ತಿದ್ದವಳು ಅವಳು.

ಆ ದನಿ ಕೇಳಿ ಗುರುಗಳು ಗೋಡೆ ಹಿಡಿದು ನಿಂತರು. ಆಮೇಲೆ ಒಳಗೆ ಹೋದರು.

ಹಾಲಮ್ಮ ಒಂದು ಮರದ ಮಣೆಯ ಮೇಲೆ ನಿಂತಿದ್ದಳು. ನೆಲವೆಲ್ಲ ಒದ್ದೆ.

"ಹಾಲಮ್ಮ, ಮಣೆ ಮೇಲೆ ಯಾಕೆ ನಿಂತಿದ್ದೀ?"

"ಕೆಳಗೆ ನಿಂತು ಗ್ರೈಂಡರ್ ಮುಟ್ಟಿದ್ರೆ ಕೈ ಜುಮ್ ಅಂತದೆ ಬುದ್ಧಿ. ಮಣೆ ಮೇಲೆ ನಿಂತ್ರೆ ಅನ್ನಲ್ಲ. ಮೊನ್ನೆ ಮೇಷ್ಟ್ರಿಗೆ ಹೇಳಿದೆ."

"ಮೇಷ್ಟ್ರು ಏನಂದ್ರು?"

ಹಾಲಮ್ಮ ತಿಪ್ಪೇಶನ ಕಡೆ ನೋಡಿದಳು. "ವಯಸ್ಸಾಯ್ತಲ್ಲ ಹಾಲಮ್ಮ, ನರದ ವೀಕ್ನೆಸ್ಸು ಅಂದ್ರು."

ಅಲ್ಲಾ, ಎಷ್ಟು ಸಲೀಸಾಗಿ ಅಂದುಬಿಟ್ಟಿದ್ದ ನೋಡಿ! ನರದ ವೀಕ್ನೆಸ್ಸಂತೆ. ಕೈ ಅವಳದು, ನೋವು ಅವಳದು, ಕಾಯಿಲೆಯ ಹೆಸರು ಮಾತ್ರ ಇವನು ಇಟ್ಟ.

ಗುರುಗಳು ಅವಳನ್ನು ಹೊರಗೆ ಕಳಿಸಿ ತಿಪ್ಪೇಶನ ಕಡೆ ತಿರುಗಿದರು.

"ಎಲ್ಲಾ ಸರಿಯಾಗಿದೆ ಅಂದೆಯಲ್ಲ. ಮಣೆ ತೆಗಿ. ಬರಿಗಾಲಲ್ಲಿ ನಿಂತ್ಕೋ. ನಾನು ಮೈನ್ ಹಾಕ್ತೀನಿ. ಗ್ರೈಂಡರ್ ಹಿಡ್ಕೊ."

"ಹಿಡ್ಕೋತೀನಿ," ಅಂದ ತಿಪ್ಪೇಶ. ಅವನಿಗೂ ಸಿಟ್ಟು ಬಂದಿತ್ತು. ಮಣೆ ಒದ್ದ, ಕೈ ಚಾಚಿದ.

ಮೈನ್ ಇನ್ನೂ ಬಂದ್ ಆಗಿಯೇ ಇತ್ತು. ಆದರೂ ಗುರುಗಳು ಆ ಕೈಗೆ ಪಟಾರನೆ ಹೊಡೆದರು.

"ಮೂರ್ಖ! ಹೇಳಿದ್ದೆಲ್ಲಾ ಮಾಡ್ತೀಯಾ? ಹೋಗು, ಬಲ್ಬು ತಗೊಂಡು ಬಾ. ಎರಡು ವೈರು ಉದ್ದಕ್ಕೆ ಬಿಟ್ಟಿರೋದು."

ಬಲ್ಬು ಬಂತು. ಗುರುಗಳು ಅದರ ಒಂದು ವೈರನ್ನು ಗ್ರೈಂಡರಿನ ಕಬ್ಬಿಣದ ಮೈಗೆ ಕಟ್ಟಿದರು. ಇನ್ನೊಂದನ್ನು ಬಾಗಿಲಾಚೆ ನೆಲದೊಳಗಿನ ನೀರಿಗೆ ಇಳಿದಿದ್ದ ಕೈಪಂಪಿಗೆ ಸುತ್ತಿದರು. ಎಲ್ಲರನ್ನೂ ದೂರ ನಿಲ್ಲಿಸಿ ಮೈನ್ ಹಾಕಿದರು.

ಬಲ್ಬು ಝಗ್ ಅಂತ ಉರಿಯಿತು.

ತಿಪ್ಪೇಶ ಬೋರ್ಡಿನ ಕಡೆ ನೋಡಿದ.

"ಬೋರ್ಡಿಂದ ವೈರು ಬಂದಿದೆಯಾ ಈ ಬಲ್ಬಿಗೆ?"

"ಇಲ್ಲ ಗುರುಗಳೇ."

"ಮತ್ತೆ ಹೇಗೆ ಉರೀತಿದೆ? ನೀನೇ ಹೇಳಿದ್ದಲ್ಲ ದಾರಿ ಅಂತ. ಹೇಳು ದಾರಿನ!"

ತಿಪ್ಪೇಶ ಗ್ರೈಂಡರಿನಿಂದ ಪಂಪಿನವರೆಗೆ ಬೆರಳು ತೋರಿಸುತ್ತಾ ಹೋದ. "ಒಳಗೆಲ್ಲೋ ವೈರು ಸವೆದು ಮೈಗೆ ತಾಗಿದೆ. ಕರೆಂಟು ಗ್ರೈಂಡರ್ ಮೈಯಿಂದ ಬಲ್ಬಿಗೆ, ಬಲ್ಬಿಂದ ಪಂಪಿಗೆ, ಪಂಪಿಂದ ನೆಲಕ್ಕೆ."

"ಬಲ್ಬಿನ ಜಾಗದಲ್ಲಿ ಆರು ದಿನದಿಂದ ಯಾರಿದ್ರು?"

ಹಾಲಮ್ಮ ಉರಿಯುವ ಬಲ್ಬನ್ನೇ ನೋಡುತ್ತಾ ಸೆರಗಿನಿಂದ ಕೈ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

ಗುರುಗಳು ಮೈನ್ ತೆಗೆದರು.

"ಗುಂಡಿ ಒದ್ದೆ ಇದ್ದಾಗ ಫ್ಯೂಸ್ ಯಾಕೆ ಸುಡ್ತಿತ್ತು?"

"ಗ್ರೈಂಡರ್ ಮೈಯಿಂದ ಆ ಪೈಪಿಗೆ ತಂತಿ ಹೋಗಿದೆ. ನೆಲ ಒದ್ದೆ ಇದ್ರೆ ಸಲೀಸಾದ ದಾರಿ. ಕರೆಂಟು ಒಂದೇ ಸಲ ನುಗ್ಗುತ್ತೆ. ಫ್ಯೂಸ್ ತಡೆಯಲ್ಲ, ಸುಡುತ್ತೆ. ಎಲ್ಲಾ ಬಂದ್ ಆಗುತ್ತೆ." ಅವನು ತಲೆ ತಗ್ಗಿಸಿದ. "ನಾನು ದಾರಿ ಒಣಗಿಸಿದೆ. ಕರೆಂಟು ಮೈಯಲ್ಲೇ ನಿಂತಿತು."

"ಫ್ಯೂಸು ದಿನಾ ಬಡ್ಕೋತಿತ್ತು ಕಣಯ್ಯಾ, ಹೆಂಗಸು ಸಾಯ್ತಾಳೆ ನೋಡು, ನೋಡು ಅಂತ! ನೀನು ಅದರ ಬಾಯಿ ಮುಚ್ಚಿಸಿ, ನನ್ನ ಮುಂದೆ ಬಂದು ಜಂಬ ಕೊಚ್ತೀಯ!"

ಆಗ ತಿಪ್ಪೇಶ ಸಿಡಿದ.

"ಹೇಳಬೇಕಿತ್ತು! ಮೂರು ತಿಂಗಳು ಕೊಡ ಕೊಟ್ರಿ, ಒಂದು ಮಾತು ಹೇಳಲಿಲ್ಲ. ಯಾಕೆ ಅಂತ ಕೇಳಿದೆ. ಹೊಯ್ಯಿ ಅಂದ್ರಿ. ಇದೇ ಅರ್ತಿಂಗ್ ಅಂತ ಒಂದೇ ಒಂದು ಮಾತು ಹೇಳಿದ್ರೆ ನಾನು ನಿಲ್ಲಿಸ್ತಿದ್ನಾ?"

ಗುರುಗಳ ಮುಖ ಕೆಂಪಾಯಿತು. ಹಾಲಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಹೊಡೆದೇಬಿಡುತ್ತಾರೆ ಅಂದುಕೊಂಡಳು.

"ನಿಜ," ಅಂದರು ಗುರುಗಳು. "ನೀನು ಕೇಳಿದೆ. ನಾನು ಹೇಳಲಿಲ್ಲ. ನನ್ನ ಮಾತಿಗೆ ಕಾರಣ ಯಾಕೆ ಬೇಕು ಅನ್ನೋ ಸೊಕ್ಕು ನನಗೆ. ಇವಳು ಸತ್ತಿದ್ರೆ ಅರ್ಧ ಪಾಪ ನನ್ನದು."

ಅವರು ಕೊಡ ಎತ್ತಿಕೊಂಡು ಕೈಪಂಪಿನ ಹತ್ತಿರ ಹೋದರು. ಪಂಪು ಒತ್ತಿ ತಾವೇ ನೀರು ತುಂಬಿದರು.

ತಿಪ್ಪೇಶ ಹಿಂದೆ ಓಡಿದ. "ಕೊಡಿ ಗುರುಗಳೇ."

"ಇನ್ನೊಂದು ಕೊಡ ಇಲ್ವಾ ಮಠದಲ್ಲಿ?"

ಇಬ್ಬರೂ ಹೊತ್ತರು. ಒಣಗಿದ ಮರಳು ಮೊದಲ ಕೊಡವನ್ನು ಸದ್ದಿಲ್ಲದೆ ಕುಡಿಯಿತು. ಎರಡನೆಯದನ್ನೂ ಕುಡಿಯಿತು. ಹತ್ತನೆಯ ಕೊಡಕ್ಕೆ ನೀರು ಪೈಪಿನ ಬಾಯಲ್ಲಿ ನಿಂತಿತು. ತಿಪ್ಪೇಶ ಬಗ್ಗಿ ಆ ಪೈಪು ನೋಡಿದ, ಅದಕ್ಕೆ ಬಿಗಿದ ತಂತಿ ನೋಡಿದ. ನೂರಾರು ಸಲ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದ ಮೂರು ಗೆರೆ ಇದೇ.

ಗುರುಗಳು ಒಳಗೆ ಬಂದು, ಬಲ್ಬಿನ ವೈರು ಬಿಚ್ಚಿ, ಎಲ್ಲರನ್ನೂ ಹೊರಗೆ ನಿಲ್ಲಿಸಿ, ಮೈನ್ ಹಾಕಿದರು.

ಟಪ್!

ಅಡಿಗೆಮನೆಯ ಫ್ಯೂಸ್ ಸುಟ್ಟಿತು. ಸುಟ್ಟ ವಾಸನೆ ಪಡಸಾಲೆಗೂ ಬಂತು.

"ಕೇಳಿಸ್ತಾ?"

"ಕೇಳಿಸ್ತು ಗುರುಗಳೇ."

ತಿಪ್ಪೇಶ ಮೈನ್ ತೆಗೆದ. ಗ್ರೈಂಡರಿನ ಪ್ಲಗ್ ಕಿತ್ತ. ಗೂಡಿನಲ್ಲಿದ್ದ ಫ್ಯೂಸ್ ತಂತಿಯ ಉಂಡೆಗೆ ಕೈ ಹಾಕಿದ.

ಗುರುಗಳು ಆ ಕೈ ಹಿಡಿದುಕೊಂಡರು.

"ತಂತಿ ಆಮೇಲೆ ಕಟ್ಟು. ಮೊದಲು ಹೋಗಿ, ಮೊನ್ನೆ ಹಾಲಮ್ಮ ನಿನಗೆ ಏನು ಹೇಳಿದ್ಲೋ ಅದನ್ನ ಇನ್ನೊಂದು ಸಲ ಕೇಳ್ಕೊಂಡು ಬಾ."