ಹೊಸಿಲು ತುಳಿಯದೆ ಮನೆಗೆ ಬಂದ ತೊರೆ

ಭೂಮಿಗೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲ. ಆಕಾಶಕ್ಕೆ ಬಳಿದ ನೀಲಿ ಹಸಿಹಸಿಯಾಗಿತ್ತು, ಹಾರುವ ಹಕ್ಕಿಗಳ ರೆಕ್ಕೆಗೆಲ್ಲ ಮೆತ್ತಿಕೊಳ್ಳುತ್ತಿತ್ತು. ಮೀನಿಗೆ ಈಜು ಸರಿಯಾಗಿ ಬರುತ್ತಿರಲಿಲ್ಲ. ಕೋತಿಗೆ ಮಾತ್ರ ಕಿತಾಪತಿ ಆಗಲೇ ಪೂರ್ತಿ ಬರುತ್ತಿತ್ತು.

ಆಗ ಬಯಲಿನ ನಡುವೆ ಗುಡ್ಡಮ್ಮ ಎಂಬ ಒಬ್ಬ ತಾಯಿ ಇದ್ದಳು. ದೊಡ್ಡ ಗುಡ್ಡ, ದೊಡ್ಡ ಮನಸ್ಸು, ಗಂಟಲೂ ದೊಡ್ಡದೇ. ಅವಳಿಗೆ ಇಬ್ಬರು ಮಕ್ಕಳು.

ದೊಡ್ಡವನು ಹೊಂಡ. ಮಲಗಿದರೆ ಮಲಗಿದ ಕಡೆಯೇ, ಎದ್ದು ನಾಲ್ಕು ಹೆಜ್ಜೆ ನಡೆದವನಲ್ಲ. ಚಿಕ್ಕವಳು ತೊರೆ. ಇವಳೋ, ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಬಂಡೆಯಿಂದ ಬಂಡೆಗೆ ಹಾರುವುದು, ಬಿದ್ದು ನಗುವುದು, ಮತ್ತೆ ಹಾರುವುದು. ಓಡುತ್ತಾ ಓಡುತ್ತಾ ಅಣ್ಣನ ಮೇಲೊಂದಿಷ್ಟು ನೀರು ಚೆಲ್ಲುವಳು. ಅವನು “ಥೂ, ಆಚೆ ನಡಿಯೇ!” ಎಂದು ಬೈದು, ಅದೇ ನೀರು ಕುಡಿದು, ಮತ್ತೆ ಮಲಗುವನು.

ಮಕ್ಕಳಿಗೆ ಶಾಲೆಯೂ ಇತ್ತು. ಮೇಷ್ಟ್ರು ಆಮೆ. ಕಲ್ಲು ಅಡ್ಡ ಬಂದರೆ ಬಳಸಿ ಹೋಗುವುದು ಹೇಗೆ, ಎತ್ತರದಿಂದ ಬಿದ್ದರೆ ಅಳದೆ ಏಳುವುದು ಹೇಗೆ, ಇಂಥ ಪಾಠ. ಬಿಸಿಲು ಏರಿದ ಒಂದು ದಿನ ಆಮೆ ಮೇಷ್ಟ್ರು ಕತ್ತು ಒಳಗೆಳೆದುಕೊಳ್ಳುತ್ತಾ ಹೇಳಿದರು, “ಸೆಖೆ ತಡೆಯೋಕಾಗಲ್ಲ. ನಾನು ಚಿಪ್ಪು ಮುಚ್ಕೋತೀನಿ. ಮಾವಿನ ಹಣ್ಣು ಮುಗಿಯೋವರೆಗೂ ನಿಮಗೆಲ್ಲ ರಜ!”

“ರಜ! ರಜ! ರಜ!”

ಆ ಕೂಗಿಗೆ ಗುಡ್ಡಮ್ಮನ ನೆತ್ತಿಯ ಮೇಲಿನ ಕಲ್ಲೊಂದು ಉರುಳಿ ಕೆಳಗೆ ಬಿತ್ತು. ಮಕ್ಕಳಿಗೆ ರಜೆ, ಅಮ್ಮಂದಿರಿಗೆ ಸಜೆ ಎಂಬ ಮಾತು ಹುಟ್ಟಿದ್ದು ಬಹುಶಃ ಅವತ್ತೇ ಇರಬೇಕು.

“ಅಮ್ಮಾ, ಹಸಿವು!”

“ಈಗ ತಾನೇ ತಿಂದೆಯಲ್ಲೇ!”

“ಅದು ಆಗಿನ ಹಸಿವು, ಇದು ಈಗಿನದು!”

“ಅಮ್ಮಾ, ಇವಳು ನನ್ನ ಹೊಟ್ಟೆ ಮೇಲೆ ಕಲ್ಲು ಹಾಕಿದ್ಲು!”

“ಅಮ್ಮಾ, ಇವನು ನನ್ನ ಕಪ್ಪೆ ವಾಪಸ್ ಕೊಡ್ತಿಲ್ಲ!”

“ಅಮ್ಮಾ, ಬೇಜಾರು! ಅಜ್ಜಿ ಮನೆಗೆ ಯಾವಾಗ?”

ಅಜ್ಜಿ ಅಂದರೆ ಕಡಲಜ್ಜಿ, ಗುಡ್ಡಮ್ಮನನ್ನು ಹೆತ್ತ ತಾಯಿ. ಬಯಲಾಚೆ, ಬಹಳ ದೂರದಲ್ಲಿ ಅವಳ ಮನೆ. “ನಾನು ಎದ್ದರೆ ಊರೆಲ್ಲ ಅಲ್ಲಾಡುತ್ತೆ, ಹೇಗೇ ಬರಲಿ? ಇಲ್ಲೇ ಆಡ್ಕೋ,” ಎನ್ನುವಳು ಗುಡ್ಡಮ್ಮ. ತೊರೆ ಮುಖ ಊದಿಸಿಕೊಳ್ಳುವಳು. ಮರುಗಳಿಗೆಗೆ ಮರೆತು, ಕರಡಿಯ ಗುಹೆಗೆ ನುಗ್ಗಿ ಅದರ ಹಾಸಿಗೆ ಒದ್ದೆ ಮಾಡಿ ಬರುವಳು.

ಒಂದು ಬೆಳಿಗ್ಗೆ ಗುಡ್ಡಮ್ಮ ಅಕ್ಕಿಹಿಟ್ಟು ಕಾಸಿ, ಉಪ್ಪು ಜೀರಿಗೆ ಹಾಕಿ, ತನ್ನ ಅಗಲವಾದ ಹಾಸುಬಂಡೆಯ ತುಂಬ ಸಂಡಿಗೆ ಇಟ್ಟಳು. ಸೊಂಟ ಹಿಡಿದುಕೊಂಡಿತು, ಬೆವರು ಇಳಿಯಿತು. ಆದರೂ ಚಳಿಗಾಲಕ್ಕೆ ಮಕ್ಕಳಿಗೆ ಕರಿದು ಕೊಡಬಹುದು ಎಂಬ ಖುಷಿ.

“ತೊರೇ, ಬಾರೇ ಇಲ್ಲಿ. ಈ ನೆರಳಲ್ಲಿ ಕೂತಿರು. ಕಾಗೆ ಬಂದರೆ ಓಡಿಸು. ಅಷ್ಟೇ ಕೆಲಸ. ಮಾಡ್ತೀಯಾ?”

ಮಾಡ್ತೀಯಾ ಅಂತೆ! ತೊರೆಗೆ ಯಾರಾದರೂ ಒಂದು ಕೆಲಸ ಹೇಳಿದ್ದು ಅದೇ ಮೊದಲು. ಅವಳ ಎದೆ ಉಬ್ಬಿಹೋಯಿತು. ಹುಟ್ಟಿದಾಗಿನಿಂದ ಒಂದು ಗಳಿಗೆ ಸುಮ್ಮನೆ ಕೂರದವಳು ಕೈಕಾಲು ಬಿಗಿ ಹಿಡಿದು ಬಂಡೆಯ ಪಕ್ಕ ಕೂತಳು. ಮೂಗಿನ ಮೇಲೆ ಚಿಟ್ಟೆ ಕೂತರೂ ಅಲ್ಲಾಡಲಿಲ್ಲ.

ಕಾಗೆ ಬಂತು.

“ಹುಶ್!” ಎಂದಳು ತೊರೆ. ಕಾಗೆ ಒಂದು ಹೆಜ್ಜೆ ಮುಂದೆ ಇಟ್ಟಿತು.

“ಹುಶ್! ಹುಶ್!” ಕಾಗೆ ಒಂದು ಸಂಡಿಗೆಗೆ ಕೊಕ್ಕು ಹಾಕಿಯೇಬಿಟ್ಟಿತು.

“ಎಲಾ ಕಳ್ಳ ಕಾಗೆ! ತಡಿ, ಬಂದೆ!”

ಬಂದಳು. ಎಲ್ಲಿಗೆ? ನೇರ ಬಂಡೆಯ ಮೇಲಕ್ಕೆ! ತಾನು ನೀರು ಎಂಬುದೇ ಆ ಹುಡುಗಿಗೆ ಮರೆತುಹೋಗಿತ್ತು. ದಡದಡ ಓಡಿ ಕಾಗೆಯನ್ನು ಈ ತುದಿಯಿಂದ ಆ ತುದಿಗೆ ಅಟ್ಟಿದಳು, ಆ ತುದಿಯಿಂದ ಈ ತುದಿಗೆ ಅಟ್ಟಿದಳು. “ಓಡಿಸಿದೆ! ಅಮ್ಮಾ, ಓಡಿಸಿದೆ!” ಎಂದು ಕುಣಿದು ಹಿಂತಿರುಗಿ ನೋಡಿದರೆ, ಬಂಡೆ ತೊಳೆದಿಟ್ಟ ತಟ್ಟೆಯ ಹಾಗೆ ಫಳಫಳ. ಒಂದೇ ಒಂದು ಸಂಡಿಗೆ ಇಲ್ಲ. ಕೆಳಗೆ ಹೊಂಡ ಬಾಯಿ ಚಪ್ಪರಿಸುತ್ತಾ, “ಆಹಾ, ಗಂಜಿ!” ಎಂದ.

ಮರದ ಮೇಲಿಂದ ಕಾಗೆ, “ನಾನಾದರೆ ಒಂದೇ ತಿನ್ನುತ್ತಿದ್ದೆ,” ಎಂದಿತು.

ಗುಡ್ಡಮ್ಮ ಬಂದು ನೋಡಿದಳು. ಹಿಡಿದುಕೊಂಡ ಸೊಂಟ, ಉರಿಯುವ ಬಿಸಿಲು, ಖಾಲಿ ಬಂಡೆ. ಸಿಟ್ಟು ನೆತ್ತಿಗೇರಿತು.

“ನಿನ್ನ ಕಾಟ ಸಾಕಾಯ್ತು ಕಣೇ! ನಡಿ ಆಚೆ! ಇನ್ನು ಈ ಹೊಸಿಲು ತುಳೀಬೇಡ!”

ತೊರೆ ಕಾಲು ಅಪ್ಪಳಿಸಿದಳು. ಹೇಳಿದ ಕೆಲಸ ಮಾಡಿದ್ದಕ್ಕೆ ಬೈಗುಳವೇ? “ಓಡಿಸು ಅಂದೋಳು ನೀನೇ ಅಲ್ವಾ? ಹೋಗ್ತೀನಿ! ಅಜ್ಜಿ ಮನೆಗೆ ಹೋಗ್ತೀನಿ!” ಎಂದವಳೇ ಗುಡ್ಡದ ಬುಡದಲ್ಲಿದ್ದ ಹೊಸಿಲುಗಲ್ಲನ್ನು ಒಂದೇ ನೆಗೆತಕ್ಕೆ ದಾಟಿದಳು.

ಕಾಗೆಯ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಮಲಗಿದ್ದ ಹೊಂಡನೂ ಕಣ್ಣು ಬಿಟ್ಟ.

ಏಕೆ ಗೊತ್ತಾ? ಮನೆಯಿಂದ ಹೊರಡುವಾಗ ಯಾರಾದರೂ ‘ಹೋಗ್ತೀನಿ’ ಅಂತಾರೆಯೇ? ‘ಹೋಗಿ ಬರ್ತೀನಿ’ ಅನ್ನಬೇಕು. ಇಲ್ಲವೇ ಬರೀ ‘ಬರ್ತೀನಿ’ ಅನ್ನಬೇಕು. ಈಗ ನೀವು ಬಾಯಿ ತಪ್ಪಿ ಅಂದರೆ ಮನೆಯಲ್ಲಿ ದೊಡ್ಡವರು ಗದರಿಸಿ ಸುಮ್ಮನಾಗುತ್ತಾರೆ. ಆಗ ಹಾಗಲ್ಲ. ಲೋಕ ಹೊಸದು, ಮಾತೂ ಹೊಸದು. ಆಡಿದ್ದು ಆಡಿದ ಹಾಗೇ ನಡೆದುಬಿಡುತ್ತಿತ್ತು.

ಮೊದಲನೇ ತಿರುವು ಬರುವಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿಸಿತು. “ತೊರೇ! ಬಾರೇ ಮಗಳೇ, ಸಿಟ್ಟಲ್ಲಿ ಅಂದೆ ಕಣೇ!”

ಅಷ್ಟೇ ಸಾಕಾಗಿತ್ತು ತೊರೆಗೆ. ತಿರುಗಿದಳು. ಕಾಲು ಎತ್ತಿದಳು. ಏಳಲಿಲ್ಲ. ಮುಂದಕ್ಕಾದರೆ ಜರ್ರನೆ ಜಾರುತ್ತದೆ, ಹಿಂದಕ್ಕೆ ಒಂದು ಹೆಜ್ಜೆಯೂ ಇಲ್ಲ.

“ಅಮ್ಮಾ, ಬರೋಕೆ ಆಗ್ತಿಲ್ಲಮ್ಮಾ!”

“ಅಯ್ಯೋ! ತೊರೆ ಅಂತ ಹೆಸರಿಟ್ಟೆ, ನನ್ನನ್ನೇ ತೊರೆದು ಹೋದಳಲ್ಲಪ್ಪಾ!” ಗುಡ್ಡಮ್ಮ ತಲೆ ಚಚ್ಚಿಕೊಂಡಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಏನು ಮಾಡಿದರೂ ಆಗಲಿಲ್ಲ.

ತೊರೆ ಅತ್ತಳು. ಅಳುತ್ತಾ ಜಾರಿದಳು. ಆಮೇಲೆ ಒಂದು ಇಳಿಜಾರು ಬಂತು ನೋಡಿ! ಅಬ್ಬಾ, ಏನು ವೇಗ! ಅಳು ಅಲ್ಲೇ ಎಲ್ಲೋ ಬಿದ್ದುಹೋಯಿತು. ಮಕ್ಕಳೇ ಹಾಗೆ.

“ಎಲ್ಲಿಗೆ ಹೊರಟೆ?” ಎಂದಿತು ಮಿಂಚುಳ್ಳಿ.

“ಅಜ್ಜಿ ಮನೆಗೆ!”

“ಎಲ್ಲಿಗೆ ಹೊರಟೆ?” ಎಂದಿತು ನೀರುನಾಯಿ.

“ಅಜ್ಜಿ ಮನೆಗೆ! ಅಜ್ಜಿ ಮನೆಗೆ!”

ಹೋಗ್ತಾ ಹೋಗ್ತಾ ಅವಳು ಅಗಲವಾದಳು, ಉದ್ದವಾದಳು, ಹೊಳೆಯಾದಳು. ಒಂದು ದಿನ ಮುಂದೆ ನೆಲವೇ ಇಲ್ಲ. ಬರೀ ಅಜ್ಜಿ. ಕಣ್ಣು ಹಾಯುವಷ್ಟು ದೂರವೂ ಅಜ್ಜಿ!

“ಬಂದೆಯಾ ನನ್ನ ಚಿನ್ನ!” ಎಂದು ಕಡಲಜ್ಜಿ ಎರಡೂ ಕೈಯಲ್ಲಿ ಬಾಚಿ ತಬ್ಬಿ, ಲೊಚಲೊಚ ಮುತ್ತಿಟ್ಟಳು. ಎಲ್ಲ ಉಪ್ಪುಪ್ಪು ಮುತ್ತು.

ಅಲ್ಲಿ ಅಲೆಗಳೆಂಬ ಮಕ್ಕಳ ಹಿಂಡೇ ಇತ್ತು. ದಡಕ್ಕೆ ಓಡುವುದು, ಮುಟ್ಟುವುದು, ವಾಪಸ್ ಬರುವುದು. ತೊರೆ ಅವರ ಜೊತೆ ನೊರೆ ಎರಚಾಡಿದಳು, ಏಡಿಗಳ ಬೆನ್ನಟ್ಟಿದಳು, ಸಿಕ್ಕಿದ ಚಿಪ್ಪನ್ನೆಲ್ಲ ತನ್ನದು ಎಂದಳು. ಆದರೆ ಅಲೆಗಳು ಪ್ರತಿ ಸಲ ಹೊರಡುವಾಗ “ಹೋಗಿ ಬರ್ತೀವಜ್ಜೀ!” ಎಂದು ಕೂಗುತ್ತಿದ್ದವು. ಅದಕ್ಕೇ ಪ್ರತಿ ಸಲ ಬಂದೂ ಬಿಡುತ್ತಿದ್ದವು. ಅದು ಕಿವಿಗೆ ಬಿದ್ದಾಗಲೆಲ್ಲ ತೊರೆ ಆಟ ಬಿಟ್ಟು ಗುಡ್ಡದ ಕಡೆ ತಿರುಗಿ ನೋಡುತ್ತಿದ್ದಳು.

ಹೀಗಿರುವಾಗ ಗುಡ್ಡದ ಕಡೆಯಿಂದ ಒಂದು ಬೆಳ್ಳಕ್ಕಿ ಹಾರಿ ಬಂತು. ದಿನಾ ಹೊಂಡನ ಅಂಚಿನಲ್ಲಿ ನಿಂತು ಮೀನು ಹಿಡಿಯುತ್ತಿದ್ದ ಹಕ್ಕಿ.

“ಏನೇ ತೊರೆ, ಇಲ್ಲಿ ಕುಣೀತಿದೀಯಾ? ಅಲ್ಲಿ ನಿನ್ನಣ್ಣನಿಗೆ ಕುಡಿಯೋಕೆ ಹನಿ ನೀರಿಲ್ಲ. ಮೈಯೆಲ್ಲ ಬಿರುಕು ಬಿಟ್ಟಿದೆ, ಬಾಯಿ ತೆರೆದುಕೊಂಡು ಬಿದ್ದಿದಾನೆ. ನಿಮ್ಮಮ್ಮ ಒಣಗಿ ಕಡ್ಡಿಯಾಗಿ, ಆ ಹೊಸಿಲನ್ನೇ ನೋಡ್ತಾ ಕೂತಿದಾಳೆ. ಹೀಗೇ ಆದರೆ ಹೊಂಡ ಉಳಿಯಲ್ಲ.”

ತೊರೆಯ ಕೈಯಿಂದ ಚಿಪ್ಪುಗಳೆಲ್ಲ ಉದುರಿದವು. ಅಣ್ಣ! ತಾನು ಚೆಲ್ಲಿದ ನೀರನ್ನೇ ಕುಡಿದು ಮಲಗುತ್ತಿದ್ದ ಸೋಮಾರಿ ಅಣ್ಣ! ಅಜ್ಜಿಯ ಸೆರಗು ಹಿಡಿದು ಜಗ್ಗಿದಳು.

“ಅಜ್ಜೀ, ಮನೆಗೆ ಕಳಿಸು! ಈಗಲೇ! ಆದರೆ ಬಂದ ದಾರೀಲಿ ನನ್ನ ಕಾಲೇ ಏಳಲ್ಲ!”

ನಡೆದದ್ದೆಲ್ಲ ಹೇಳಿದಳು. ಸಂಡಿಗೆ, ಕಾಗೆ, ಬೈಗುಳ, ಎಲ್ಲ. ಕಡಲಜ್ಜಿ ಕಿವಿಗೊಟ್ಟು ಕೇಳಿದಳು.

“ನಿಮ್ಮಮ್ಮ ಏನಂದಳು? ಒಂದಕ್ಷರ ಬಿಡದೆ ಹೇಳು.”

“‘ಇನ್ನು ಈ ಹೊಸಿಲು ತುಳೀಬೇಡ’ ಅಂದಳು.”

“ಹೊಸಿಲು ತುಳೀಬೇಡ ಅಂದಳಾ, ಮನೆಗೆ ಬರಬೇಡ ಅಂದಳಾ?”

“ಹೊಸಿಲು...” ಎಂದವಳು ತಟಕ್ಕನೆ ನಿಂತಳು. ಕಣ್ಣು ದೊಡ್ಡದಾಯಿತು. “ಅಜ್ಜೀ! ಹೊಸಿಲು ತುಳಿಯದೆ ಹೋದರೆ? ಮಾಡಿನ ಮೇಲಿಂದ ಇಳಿದರೆ? ಅಜ್ಜೀ, ಮೇಲಿಂದ ಧುಮುಕಿದರೆ?”

“ಭಲೇ! ಯಾರ ಮೊಮ್ಮಗಳು ಹೇಳು! ನೀನು ‘ಹೋಗ್ತೀನಿ’ ಅಂದದ್ದೂ ನೆಲದ ದಾರಿಗೆ, ಆಕಾಶದ ದಾರಿಗಲ್ಲ!” ಕಡಲಜ್ಜಿ ನಕ್ಕ ನಗೆಗೆ ದಡದ ದೋಣಿಗಳೆಲ್ಲ ತೊಟ್ಟಿಲಾದವು.

ಆಮೇಲೆ ನೋಡಿ ಗಡಿಬಿಡಿ! ಅಜ್ಜಿ ಸೂರ್ಯನನ್ನು ಕೂಗಿದಳು. “ಈ ಮಗೂನ ಸ್ವಲ್ಪ ಮೇಲಕ್ಕೆ ಎತ್ತಿಕೊಳ್ಳಪ್ಪಾ.” ಸೂರ್ಯ ಬಗ್ಗಿ ನೋಡಿ, “ಎತ್ತುತ್ತೀನಿ. ಆದರೆ ಮೈಗೆ ಮೆತ್ತಿದ ಉಪ್ಪೆಲ್ಲ ಇಲ್ಲೇ ಬಿಟ್ಟು ಬರಬೇಕು, ಬಲು ಭಾರ,” ಎಂದ. ತೊರೆ ಅಜ್ಜಿಯ ಉಪ್ಪನ್ನೆಲ್ಲ ಅಜ್ಜಿಗೇ ಒಪ್ಪಿಸಿದಳು. ಇವತ್ತಿಗೂ ಮಳೆನೀರು ಸಪ್ಪೆ, ಬೇಕಾದರೆ ನಾಲಿಗೆ ಚಾಚಿ ನೋಡಿ.

ಹೊರಡುವ ಮುಂಚೆ ಬಾಯಿ ತುಂಬ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. “ಹೋ-ಗಿ ಬರ್-ತೀ-ನಜ್ಜೀ!”

ಹೇಳಿದ್ದೇ ತಡ, ಮೈ ಹಗುರಾಯಿತು. ನೆಲ ಬಿಟ್ಟಳು, ದೋಣಿ ಬಿಟ್ಟಳು, ತೆಂಗಿನ ಗರಿ ಕೆಳಗಾಯಿತು. “ನಾನು ಹಾರ್ತಿದೀನಿ! ನೋಡಿ, ನೋಡಿ, ಹಾರ್ತಿದೀನಿ!” “ನಾವೂ ಬರ್ತೀವಿ!” ಎಂದು ಅಲೆಗಳ ಹಿಂಡಿನಲ್ಲಿ ಅರ್ಧ ಜನ ಮೇಲೆದ್ದರು. ಎಲ್ಲರೂ ಒತ್ತಿಕೊಂಡು ಕೂತು ದೊಡ್ಡ ಕಪ್ಪು ಮೋಡವಾದರು. ಮೊಮ್ಮಕ್ಕಳನ್ನು ಮನೆ ಮುಟ್ಟಿಸುವುದು ಸೋದರಮಾವನ ಕೆಲಸ ತಾನೇ? ಕಡಲಜ್ಜಿಯ ಮಗ ಗಾಳಿಮಾವ ತೋಳೇರಿಸಿ ಮೋಡಕ್ಕೆ ಹೆಗಲು ಕೊಟ್ಟ.

“ಮಾವಾ, ಬೇಗ!”

“ಬೇಗಾನೇ ಹೋಗ್ತಿದೀನಲ್ಲೇ!”

“ಇನ್ನೂ ಬೇಗ ಮಾವಾ, ಅಣ್ಣ ಕಾಯ್ತಿದಾನೆ!”

ಮಧ್ಯಾಹ್ನದ ಉರಿಬಿಸಿಲು. ಗುಡ್ಡಮ್ಮ ಹೊಸಿಲುಗಲ್ಲಿನ ಮೇಲೆ ಕಣ್ಣಿಟ್ಟು ಕೂತಿದ್ದಳು. ನೆತ್ತಿಯ ಮೇಲೆ ಟಪ್ ಎಂದು ಏನೋ ಬಿತ್ತು.

“ಥೂ, ಹಾಳು ಕಾಗೆ!” ಎಂದಳು.

ಮತ್ತೆ ಟಪ್. ಮೂಗಿನ ಮೇಲೆ ಟಪ್. ಬೆನ್ನಿನ ಮೇಲೆ ಟಪ, ಟಪ, ಟಪ. ಜೊತೆಗೇ ಆಕಾಶ ಬಿರಿಯುವಂತೆ ಒಂದು ಕೂಗು.

“ಅಮ್ಮಾ! ಹೊಸಿಲು ತುಳಿದಿಲ್ಲ ನೋಡು!”

“ಅಯ್ಯೋ ನನ್ನ ಕಂದಾ! ಅಷ್ಟೆತ್ತರದಿಂದ ಬಿದ್ದೆಯಲ್ಲೇ, ಪೆಟ್ಟಾಯ್ತೇನೇ?” ಗುಡ್ಡಮ್ಮ ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಒಣಗಿದ ಅವಳ ಮೈಯಿಂದ ಘಮ್ಮೆಂದು ಮಣ್ಣಿನ ವಾಸನೆ ಎದ್ದು ಬಯಲನ್ನೆಲ್ಲ ತುಂಬಿತು.

ತೊರೆ ಅಮ್ಮನ ಮೈಮೇಲಿಂದ ಉರುಳಿ, ಬಂಡೆ ಬಂಡೆ ಹಾರಿ, ನೇರ ಅಣ್ಣನ ಬಾಯಿಗೇ ಬಿದ್ದಳು. ಹೊಂಡ ಗಟಗಟ ಕುಡಿದ. ಬಿರುಕೆಲ್ಲ ಮುಚ್ಚಿತು. ಕಣ್ಣು ತೆರೆದು ತಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಎಲ್ಲೇ ಹಾಳಾಗಿ ಹೋಗಿದ್ದೆ?” ಎಂದ.

“ಅಜ್ಜಿ ಮನೆಗೆ ಕಣೋ! ಎಷ್ಟು ಮಜಾ ಗೊತ್ತಾ? ಪ್ರತಿ ರಜೆಗೂ ಹೋಗ್ತೀನಿ... ಅಲ್ಲಲ್ಲ, ಹೋಗಿ ಬರ್ತೀನಿ!”

ಅಷ್ಟರಲ್ಲಿ ಪೊದೆಯ ಪಕ್ಕದ ಚಿಪ್ಪೊಂದು ಅಲ್ಲಾಡಿತು. ಆಮೆ ಮೇಷ್ಟ್ರು ಕತ್ತು ಹೊರಗೆ ಹಾಕಿ ಗುಡುಗಿದರು. “ಮಾವಿನ ಹಣ್ಣು ಮುಗೀತು! ನಡೀರಿ ಶಾಲೆಗೆ!”

ಈಗಲೂ ಅಷ್ಟೇ. ಬೇಸಿಗೆಯಲ್ಲಿ ತೊರೆ ಅಜ್ಜಿ ಮನೆಗೆ ಹೊರಟುಬಿಡುತ್ತಾಳೆ, ಹೊಂಡ ಬತ್ತುತ್ತಾನೆ. ರಜೆ ಮುಗಿದು ನೀವು ಹೊಸ ಚೀಲ ಬೆನ್ನಿಗೇರಿಸಿ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ, ಕೊಡೆ ಬಿಚ್ಚುವಷ್ಟೂ ಪುರಸೊತ್ತು ಕೊಡದೆ ಮಳೆ ದಬದಬ ಸುರಿಯುವುದು ಅದಕ್ಕೇ: ಅಮ್ಮನನ್ನು ನೋಡದೆ ಅವಳಿಗೆ ಒಂದು ಇಡೀ ರಜೆಯೇ ಕಳೆದಿರುತ್ತದೆ.