ಬಾಲ ಮಾತ್ರ ಕಾಣುವ ಎಮ್ಮೆ

"ಕೇಳಿರಪ್ಪೋ ಕೇಳಿ! ಮಾಗಳಿಪುರದ ದೊರೆ ವೀರಮಲ್ಲರಾಜರ ಮಗಳು ಚಂಪಕಾದೇವಿ ಮೂರು ಒಗಟು ಇಡುತ್ತಾಳೆ. ಮೂರನ್ನೂ ಬಿಡಿಸಿದವನಿಗೆ ರಾಜಕುಮಾರಿಯ ಕೈ, ಜೊತೆಗೆ ಬೇಡಿದ್ದೊಂದು ವರ. ಒಂದು ತಪ್ಪಿದರೂ ತಲೆ ಹೋಯಿತೆಂದೇ ತಿಳಿಯಿರಿ!"

ಸಂತೆಯಲ್ಲಿ ಮೂಟೆ ಹೊರುವ ತಿಪ್ಪೇಶಿ ಈ ಡಂಗುರ ಕೇಳಿ ಬೆನ್ನ ಮೇಲಿನ ಮೂಟೆಯನ್ನು ಧೊಪ್ಪನೆ ಕೆಳಗೆ ಹಾಕಿದ. ರಾಜಕುಮಾರಿಯ ಆಸೆ ಅವನಿಗಿರಲಿಲ್ಲ. ವರ ಬೇಕಿತ್ತು.

ಆ ರಾಜ್ಯದಲ್ಲಿ ಕತ್ತಿ ಗುರಾಣಿಗಳ ಜೊತೆ ಮೊಬೈಲೂ ಇತ್ತು; ಹೇಗೆಂದು ನನ್ನನ್ನು ಕೇಳಬೇಡಿ, ಕತೆ ಕೇಳಿ. ದೊರೆ ಪ್ರಜೆಗಳಿಗಾಗಿ 'ಹೊನ್ನಹೊಲ' ಎಂಬ ಬೇಸಾಯದ ಆಟ ಮಾಡಿಸಿ ಹಂಚಿದ್ದ. ಉಳುವುದು, ಬಿತ್ತುವುದು, ಹಾಲು ಕರೆಯುವುದು ಎಲ್ಲ ಬೆರಳಲ್ಲೇ. ಅಂಗೈಯಗಲ ಭೂಮಿಯೂ ಇಲ್ಲದ ತಿಪ್ಪೇಶಿಗೆ ತನ್ನದೆಂದು ಇದ್ದ ಹೊಲ ಅದೊಂದೇ. ಅದರಲ್ಲಿ ಚಂದ್ರಿ ಎಂಬ ಎಮ್ಮೆ ಸಾಕಿದ್ದ. ಅದೆಂದರೆ ಅವನಿಗೆ ಪ್ರಾಣ. ಒಂದು ದಿನ ಚಂದ್ರಿ ನಡೆಯುತ್ತಾ ನಡೆಯುತ್ತಾ ಕೊಟ್ಟಿಗೆಯ ಗೋಡೆಯೊಳಕ್ಕೆ ಹೊಕ್ಕು ಅಲ್ಲೇ ಸಿಕ್ಕಿಕೊಂಡಿತು. ಅಂದಿನಿಂದ ಅದು ಹಸಿದು ಕೂಗುತ್ತಲೇ ಇತ್ತು. ತಿಪ್ಪೇಶಿಗೆ ಊಟ ಸೇರದು, ನಿದ್ದೆ ಹತ್ತದು, ನಿಂತಲ್ಲಿ ನಿಲ್ಲಲಾಗದು. ಯಾರಿಗಾದರೂ ಹೇಳಿಕೊಳ್ಳೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ದೊರೆಯ ಆಟದಲ್ಲಿ ಕುಂದು ಎತ್ತಿದವನಿಗೆ ಸೆರೆಮನೆಯೇ ಗತಿ ಎಂದು ಮಂತ್ರಿ ಕಟ್ಟಪ್ಪಣೆ ಮಾಡಿದ್ದ. ಒಗಟು ತಪ್ಪಿದರೆ ತಲೆ ಎಂಬ ಷರತ್ತು ಸೇರಿಸಿದವನೂ ಅವನೇ.

ಸಭೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಂಪಕಾದೇವಿ ಎದ್ದು ನಿಂತು ಕೇಳಿದಳು: "ಒಂದು ಎಮ್ಮೆ. ಬಾಲ ಕಾಣುತ್ತದೆ, ಮುಖ ಕಾಣುವುದಿಲ್ಲ. ಹಸಿದು ಕೂಗುತ್ತದೆ, ಮೇವು ಹಿಡಿದರೆ ಬಾಯಿ ಸಿಗುವುದಿಲ್ಲ. ಯಾರೂ ಕಟ್ಟಿಹಾಕಿಲ್ಲ, ಆದರೂ ಕದಲುವುದಿಲ್ಲ. ಅದು ಎಲ್ಲಿದೆ?"

ತಿಪ್ಪೇಶಿ ಮೊಬೈಲನ್ನು ಮುಟ್ಟಿ ನೋಡಿಕೊಂಡ. ಇದು ನನ್ನ ಚಂದ್ರಿಯಲ್ಲವೇ!

ಅಂಬಲಿಗೆರೆಯ ಯುವರಾಜ ಮೀಸೆ ತಿರುವುತ್ತಾ ಮುಂದೆ ಬಂದ. "ಮೋಡದಲ್ಲಿದೆ. ಅದು ಮಳೆಗಾಲದ ಚಂದ್ರ" ಎಂದ. ತಪ್ಪು. ಭಟರು ಅವನನ್ನು ಎಳೆದೊಯ್ದರು. ಆಮೇಲೆ ಬಂದವನು ದೊಡ್ಡ ಜಮೀನುದಾರನ ಮಗ. ಅವನ ಆಟದಲ್ಲೂ ಎತ್ತೊಂದು ಬಾವಿಕಟ್ಟೆಯೊಳಗೆ ಸಿಕ್ಕಿಕೊಂಡಿತ್ತು, ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಮಂತ್ರಿಯ ಮುಖ ನೋಡಿದ, ಉತ್ತರ ನುಂಗಿಕೊಂಡ. "ಮಹಾಪ್ರಭುಗಳ ಕೀರ್ತಿಯಲ್ಲಿದೆ" ಎಂದ.

"ಕೀರ್ತಿಯಲ್ಲಿ ಎಮ್ಮೆಗೇನು ಕೆಲಸ?" ಎಂದಳು ರಾಜಕುಮಾರಿ. ಅವನೂ ಹೋದ.

ತಿಪ್ಪೇಶಿ ಕಾಲು ಬದಲಿಸಿದ, ತಲೆ ಕೆರೆದುಕೊಂಡ, ಬಾಗಿಲ ಕಡೆ ನೋಡಿದ. ಓಡಿಹೋಗಿಬಿಡಲೇ? ಅಷ್ಟರಲ್ಲಿ ಸೊಂಟದಲ್ಲಿದ್ದ ಮೊಬೈಲಿನೊಳಗಿಂದ ಚಂದ್ರಿ ಕೂಗಿತು. ಅವನಿಗೆ ತಡೆಯಲಾಗಲಿಲ್ಲ.

"ಗೋಡೆಯೊಳಗದೆ ಅಮ್ಮಣ್ಣೀ! ಕೊಟ್ಟಿಗೆ ಗೋಡೆಯೊಳಗೆ! ನಾನೇನೂ ಮಾಡ್ಲಿಲ್ಲ, ಅದೇ ಹೊಕ್ಕೊಂಡ್ತು. ಎಷ್ಟು ಎಳೆದ್ರೂ ಬರಾಕಿಲ್ಲ!"

"ಎಲವೋ, ದೊರೆಗಳ ಆಟದಲ್ಲಿ ಕುಂದು ಹುಡುಕುತ್ತೀಯಾ?" ಮಂತ್ರಿ ಗದರಿದ.

"ಅವನು ದೂರಲಿಲ್ಲ ಮಂತ್ರಿಗಳೇ, ಒಗಟಿಗೆ ಉತ್ತರ ಹೇಳಿದ. ಉತ್ತರ ಸರಿಯಾಗಿದೆ" ಎಂದಳು ಚಂಪಕಾದೇವಿ. "ಎರಡನೆಯದು ಕೇಳು. ತೆನೆ ಬಲಿತು ಬಾಗಿದೆ. ಹಕ್ಕಿ ತಿನ್ನುವುದಿಲ್ಲ, ಮಳೆಗೆ ಕೊಳೆಯುವುದಿಲ್ಲ, ಕುಡುಗೋಲು ಹಾಕಿದರೆ ಕೊಯ್ಯಲೂ ಬರುವುದಿಲ್ಲ. ಅದು ಯಾವ ಬೆಳೆ?"

"ಬೇಲಿ ಮೂಲೆ ರಾಗಿ!" ತಿಪ್ಪೇಶಿಗೆ ಹೊಟ್ಟೆಯುರಿಯೆಲ್ಲ ನೆನಪಾಯಿತು. "ಒತ್ತಿ ಒತ್ತಿ ಹೆಬ್ಬೆರಳು ಬೊಬ್ಬೆ ಬಂತು. 'ಪೈರು ಇನ್ನೂ ಎಳೆಯದು' ಅಂತದೆ. ಅದರ ಕಣ್ಣಿಗೇನಾಗದೆ?"

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ದೊರೆ ಮಾತ್ರ ಸಿಂಹಾಸನದ ಅಂಚಿಗೆ ಸರಿದು ಕೂತ.

"ಇದೂ ಸರಿ. ಮೂರನೆಯದು ಕೇಳು" ಎಂದಳು ಚಂಪಕಾದೇವಿ. "ಒಬ್ಬ ರೈತ ಹಗಲೆಲ್ಲ ಉತ್ತು ಬಿತ್ತಿ ಬಂದು ಮಲಗುತ್ತಾನೆ. ಕಳ್ಳ ಬರಲಿಲ್ಲ, ಬೆಂಕಿ ಬೀಳಲಿಲ್ಲ. ಎದ್ದು ನೋಡಿದರೆ ಹೊಲ ಬರಿದು. ಅವನ ದಿನ ಎಲ್ಲಿಗೆ ಹೋಯಿತು?"

ತಿಪ್ಪೇಶಿಯ ಹೊಲವೂ ಎಷ್ಟೋ ಬೆಳಗ್ಗೆ ಹಾಗೇ ಬರಿದಾಗಿತ್ತು. ಮೂಟೆ ಹೊತ್ತ ಸುಸ್ತಿಗೆ ಬಿತ್ತದೆಯೇ ಮಲಗಿದೆನೇನೋ ಎಂದು ತನ್ನನ್ನೇ ಬೈದುಕೊಂಡಿದ್ದ. ಹೊರಗೆ ಕತ್ತಿ ಮಸೆಯುವ ಸದ್ದು ಕೇಳುತ್ತಿತ್ತು. ಬೆವರೊರೆಸಿಕೊಳ್ಳುತ್ತಾ ಸುತ್ತ ನೋಡಿದ. ಹೂವಿನವಳು ತುಟಿ ಕಚ್ಚಿ ನಿಂತಿದ್ದಳು. ಈಟಿ ಹಿಡಿದ ಭಟ ನಾಚಿಕೆಯಿಂದ ತಲೆ ತಗ್ಗಿಸಿದ್ದ. ಅಯ್ಯೋ, ಇವರಿಗೂ ಹಾಗೇ ಆಗಿದೆಯಲ್ಲ! ಅಂದಮೇಲೆ ತಪ್ಪು ನನ್ನದಲ್ಲ! ಅವನಿಗೆ ಸಿಟ್ಟು ನೆತ್ತಿಗೇರಿತು.

"ಆಟದ ರೈತ ಮಲಗಿದಾಗ ಆ ದಿನದ ಕೆಲಸ ಸೇವ್ ಆಗ್ಬೇಕು. ಸರಿಯಾಗಿ ಆಗಲೇ ಆಟ ಹ್ಯಾಂಗ್ ಆಯ್ತದೆ. ದಿನ ಎಲ್ಲಿಗೂ ಹೋಗಿಲ್ಲ ಅಮ್ಮಣ್ಣಿ, ಅದನ್ನ ಯಾರೂ ಎತ್ತಿಡ್ಲೇ ಇಲ್ಲ. ನಾವು ದುಡಿದಿದ್ವಿ. ನಿಜವಾಗ್ಲೂ ದುಡಿದಿದ್ವಿ!"

ದೊರೆ ಎದ್ದು ಮೆಟ್ಟಿಲಿಳಿದು ತಿಪ್ಪೇಶಿಯ ಎದುರು ಬಂದ. ಅವನ ಕಣ್ಣು ತುಂಬಿತ್ತು.

"ನನ್ನ ಹೊಲವೂ ದಿನಾ ಬರಿದಾಗುತ್ತದೆ ಕಣಪ್ಪ. ಊರಲ್ಲಿ ಒಬ್ಬರೂ ದೂರು ಹೇಳದಿದ್ದಾಗ, ಬೇಸಾಯ ಬಾರದ ದಡ್ಡ ನಾನೊಬ್ಬನೇ ಅಂದುಕೊಂಡಿದ್ದೆ."

ಅಷ್ಟೇ ಸಾಕಾಯಿತು. ಕೋಳಿ ಸೂರಿನ ಮೇಲೆ ಮೊಟ್ಟೆಯಿಡುತ್ತದೆ ಎಂದು ಒಬ್ಬಳು, ಗಾಡಿ ಆಕಾಶಕ್ಕೆ ಹಾರಿತು ಎಂದು ಒಬ್ಬ, ಮಳೆ ಪಕ್ಕದವನ ಹೊಲಕ್ಕೇ ಬೀಳುತ್ತದೆ ಎಂದು ಇನ್ನೊಬ್ಬ, ಸಭೆಯೇ ಕೂಗತೊಡಗಿತು. ಮಂತ್ರಿ ಕಿವಿ ಮುಚ್ಚಿಕೊಂಡ.

"ಅಪ್ಪಾಜಿ, ಒಗಟಿನ ನೆಪವಿಲ್ಲದಿದ್ದರೆ ಈ ಮಾತು ನಿಮ್ಮ ಕಿವಿಗೆ ಬೀಳುತ್ತಿರಲಿಲ್ಲ" ಎಂದಳು ಚಂಪಕಾದೇವಿ. ದೊರೆ ಮಂತ್ರಿಯ ಕಟ್ಟಪ್ಪಣೆಯನ್ನೂ ತಲೆಯ ಷರತ್ತನ್ನೂ ರದ್ದು ಮಾಡಿದ. ತಲೆ ಉಳಿದ ಖುಷಿಗೆ ಯುವರಾಜ ಮೀಸೆ ತಿರುವುವುದನ್ನೂ ಮರೆತು ಊರ ದಾರಿ ಹಿಡಿದ.

"ನಿನ್ನ ವರ ಕೇಳು" ಎಂದ ದೊರೆ.

"ನನ್ನ ಎಮ್ಮೆ ಹೊರಗೆ ಬರ್ಬೇಕು ಬುದ್ಧಿ."

ಆಟ ಮಾಡಿದವರನ್ನು ಕರೆಸಿ ಕೂರಿಸಿದರು. ಸಂಜೆಯ ಹೊತ್ತಿಗೆ ಚಂದ್ರಿ ಗೋಡೆಯಿಂದ ಈಚೆ ಬಂದು ಮೇವಿಗೆ ಬಾಯಿ ಹಾಕಿತು. ತಿಪ್ಪೇಶಿ ಅಷ್ಟು ಜನರೆದುರು ಗೊಳೋ ಎಂದು ಅತ್ತ.

"ನನ್ನ ಕೈಯ ಮಾತೇನು?" ಎಂದಳು ರಾಜಕುಮಾರಿ ನಗುತ್ತಾ.

"ನಿಮಗೆ ಒಪ್ಪಿಗೆಯಾ ಅಮ್ಮಣ್ಣಿ?"

"ಕೇಳಿದೆಯಲ್ಲ, ಅದಕ್ಕೇ ಒಪ್ಪಿಗೆ."

ಮದುವೆ ಜೋರಾಗಿ ನಡೆಯಿತು. ಆಟ ಪೂರ್ತಿ ಸರಿಹೋಯಿತೆಂದು ಮಾತ್ರ ತಿಳಿಯಬೇಡಿ. ಒಂದು ರಿಪೇರಿಯಾದರೆ ಇನ್ನೊಂದು ಕೆಡುತ್ತಿತ್ತು. ದಿನಾ ಬೆಳಗ್ಗೆ ಮಂತ್ರಿ ಅರಮನೆಯ ಬಾಗಿಲಲ್ಲಿ ಕೂತು ದೂರು ಕೇಳಬೇಕು. ಸಾಲಿನ ಮೊದಲಿಗೆ ಮೊಬೈಲು ಹಿಡಿದು, ಗೊಣಗುತ್ತಾ, ದೊರೆಯೇ ನಿಂತಿರುತ್ತಾನೆ. ಅವರು ಅಲ್ಲಿ ಬಾಯಿ ತುಂಬ ಬೈದುಕೊಂಡು ಸುಖವಾಗಿದ್ದಾರೆ. ನಾವಿಲ್ಲಿ ತಪ್ಪು ನಮ್ಮದೇ ಇರಬೇಕೆಂದು ಸುಮ್ಮನೆ ಕೂತಿದ್ದೇವೆ.