ಅಜ್ಜಿ ಕಾಣದ ನೀಲಿ ಹೂ

ತಂಪು ಬೆಟ್ಟದ ಒಂದು ಕಾಡಿನಲ್ಲಿ, ಬಂಡೆಯ ಪಕ್ಕ, ಒಂದು ಹೈಡ್ರೇಂಜಿಯ ಗಿಡವಿತ್ತು. ಯಾರೋ ಎಂದೋ ನೆಟ್ಟು ಮರೆತುಹೋದದ್ದು. ಮಳೆಗಾಲ ಬಂದರೆ ಸಾಕು, ಚೆಂಡಿನಷ್ಟು ದಪ್ಪದ ನೀಲಿ ಹೂಗೊಂಚಲು ಗಿಡದ ತುಂಬ ಬಿಡುತ್ತಿತ್ತು. ಅದರ ಪಕ್ಕದಲ್ಲೇ, ನಾಯಿಯಂತೆ ಬೊಗಳುವ ಜಿಂಕೆ ಜಾತಿಯ ಕಾಡುಕುರಿ ಅಜ್ಜಿ ತನ್ನ ಮೊಮ್ಮಗಳ ಜೊತೆ ಇದ್ದಳು. ಅಜ್ಜಿಯ ಮಗಳು ಹುಟ್ಟಿದ್ದು ಆ ಹೂಗಳ ಕೆಳಗೆ. ಆ ಮಗಳನ್ನು ಸೀಳುನಾಯಿಗಳು ತಿಂದವು. ಅಂದಿನಿಂದ ಹೂ ನೋಡಿದರೆ ಮಗಳನ್ನೇ ನೋಡಿದ ಹಾಗೆ ಅಜ್ಜಿಗೆ. ಈಗ ಅವಳ ಕಣ್ಣಿಗೆ ಪೊರೆ ಬರುತ್ತಿತ್ತು. ಪೂರ್ತಿ ಕತ್ತಲಾಗುವ ಮೊದಲು ಇನ್ನೊಂದು ಸಲ ಆ ನೀಲಿ ನೋಡಬೇಕು, ಅಷ್ಟೇ ಅವಳ ಆಸೆ.

ಮೊದಲೆಲ್ಲ ಮಳೆ ಕಡಿಮೆಯಾಗಿ ಹೂ ಒಣಗಿದ ಕೂಡಲೇ ಅಜ್ಜಿ ಒಣಗಿದ ತಲೆಯನ್ನಷ್ಟೇ ಹಲ್ಲಿನಿಂದ ಚಿವುಟಿ ಹಾಕುತ್ತಿದ್ದಳು. ಬುಡಕ್ಕೆ ತರಗೆಲೆ ಗುಡ್ಡೆ ಹಾಕುತ್ತಿದ್ದಳು. ಈಗ ಹಲ್ಲು ಸವೆದುಹೋಗಿತ್ತು. ಇದನ್ನು ನೋಡಿ ಮೊಲಪ್ಪ ಮೆಲ್ಲಗೆ ಬಂದ. ಮೊಲಪ್ಪ ಬರಿ ಸೋಮಾರಿಯಲ್ಲ, ಬಾಯಿಚಪಲದ ಸೋಮಾರಿ.

"ಅಜ್ಜಿ, ಗಿಡ ಕತ್ತರಿಸೋ ಕೆಲಸ ನನಗೆ ಬಿಡು. ನೀನು ಮಾತ್ರ ಹದ್ದು ಬಂದಾಗ ಜೋರಾಗಿ ಬೊಗಳು, ಸಾಕು" ಅಂದ.

ಅಜ್ಜಿ ಒಪ್ಪಿದಳು. ಮೊಲಪ್ಪ ಚಳಿಗಾಲದಲ್ಲಿ ಕೆಲಸಕ್ಕೆ ಇಳಿದ. ಆ ಹೊತ್ತಿಗೆ ಕಡ್ಡಿಗಳ ತುದಿಯಲ್ಲಿ ಮುಂದಿನ ಮಳೆಯ ಮೊಗ್ಗು ಉಬ್ಬಿ ಕೂತಿದ್ದವು. ಅವೇ ಅವನಿಗೆ ಬೇಕಾದದ್ದು. ಒಂದೊಂದನ್ನೇ ಕಚ್ಚಿ ತಿಂದ.

"ಇಷ್ಟು ತಡವಾಗಿ ಕತ್ತರಿಸ್ತಾರೇನಪ್ಪ?" ಅಜ್ಜಿ ಅಳುಕುತ್ತಾ ಕೇಳಿದಳು.

"ಕತ್ತರಿಸಿದರೆ ತಾನೆ ಅಜ್ಜಿ ಹೂ ಬಿಡೋದು! ನಿಂದು ಹಳೇ ಕಾಲದ ಪದ್ಧತಿ."

ಮಳೆ ಬಂತು. ಎಲೆ ಬಂತು. ಹೂ ಬರಲಿಲ್ಲ. "ಇನ್ನೂ ಚೆನ್ನಾಗಿ ಕತ್ತರಿಸಬೇಕಿತ್ತು" ಅಂದ ಮೊಲಪ್ಪ. ಅಜ್ಜಿ ನಂಬಿದಳು. ತನ್ನದೇ ಏನೋ ತಪ್ಪು ಎಂದು ಬುಡಕ್ಕೆ ಇನ್ನಷ್ಟು ತರಗೆಲೆ ತಳ್ಳಿದಳು. ಮರುವರ್ಷ ಮೊಲಪ್ಪ ಗಿಡವನ್ನು ಬುಡಮಟ್ಟ ಕಡಿದ. ಮಳೆಗೆ ಚಿಗುರಿದ್ದನ್ನೂ ಬಿಡದೆ ಮೇಯ್ದ. ಅಜ್ಜಿ ದಿನಾ ಗಿಡದ ಮುಂದೆ ನಿಂತು ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದಳು. ಹಾಗೆ ಹುಡುಕುತ್ತಲೇ ಅವಳ ಕಣ್ಣು ಪೂರ್ತಿ ಹೋಯಿತು.

ಮಾರನೇ ದಿನವೇ ಮೊಮ್ಮಗಳು ಕೂಗಿದಳು. "ಅಜ್ಜಿ! ಬಂಡೆ ಸಂದಿಯಲ್ಲಿ ಒಂದೇ ಒಂದು ಕಡ್ಡಿ ಹೂ ಬಿಟ್ಟಿದೆ! ಅಲ್ಲಿಗೆ ಮೊಲಮಾವನ ಬಾಯಿ ಎಟುಕಿಲ್ಲ."

ಅಜ್ಜಿಗೆ ಎಲ್ಲ ಗೊತ್ತಾಯಿತು. ಮೊಲಪ್ಪನ ಸದ್ದು ಬಂದ ಕಡೆಗೆ ತಿರುಗಿದಳು. "ಹಳೇ ಕಡ್ಡಿಯ ತುದಿಯಲ್ಲೇ ಹೂ ಇರೋದು ಅಂತ ನನಗೆ ಗೊತ್ತಿತ್ತಲ್ಲೋ! ಗೊತ್ತಿದ್ದೂ ನಿನ್ನ ಮಾತು ಕೇಳಿದೆ. ನನ್ನ ಕಣ್ಣು ಹೋಗೋವರೆಗೂ ತಿಂದೆಯಲ್ಲೋ ಮೊಲಪ್ಪ!"

ಮೊಲಪ್ಪ ಬಯಲಲ್ಲಿ ಕೂತು ಮೀಸೆ ಒರೆಸಿಕೊಂಡ. "ಇನ್ನು ಹೂ ಬಿಟ್ಟರೂ ನಿನಗೆ ಕಾಣುತ್ತಾ? ಸುಮ್ಮನೆ ನಿನ್ನ ಕಾವಲು ನೋಡಿಕೋ" ಎಂದು ನಕ್ಕ.

ಮೇಲೆ ಹದ್ದು ಸುತ್ತುತ್ತಿತ್ತು. ಅಜ್ಜಿಗೆ ಕಾಣಲಿಲ್ಲ, ಅವಳು ಬೊಗಳಲಿಲ್ಲ. ರೆಕ್ಕೆಯ ಸದ್ದಿಗೆ ಬೆಚ್ಚಿದ ಮೊಲಪ್ಪ ಅಡಗಲು ಗಿಡದ ಬುಡಕ್ಕೆ ಓಡಿದ. ಅಲ್ಲಿ ಅವನೇ ತಿಂದು ಬಿಟ್ಟ ಮೋಟುಗಳಿದ್ದವು. ಒಂದು ಎಲೆಯೂ ಇರಲಿಲ್ಲ. ಹದ್ದು ಅವನನ್ನು ಎತ್ತಿಕೊಂಡು ಹೋಯಿತು.

ಅಜ್ಜಿಗೆ ಸಂತೋಷವೇನೂ ಆಗಲಿಲ್ಲ. ಸಂದಿಯ ಹೂ ಒಣಗಿದಾಗ ಅದರ ತಲೆಯನ್ನಷ್ಟೇ ಚಿವುಟುವುದನ್ನು ಮೊಮ್ಮಗಳಿಗೆ ಹೇಳಿಕೊಟ್ಟಳು. ಮೋಟುಗಳಿಂದ ಹೊಸ ಕಡ್ಡಿ ಎದ್ದವು. ಚಳಿಗಾಲದಲ್ಲಿ ಅವನ್ನು ಯಾರೂ ಮುಟ್ಟಲಿಲ್ಲ. ಮುಂದಿನ ಮಳೆಗೆ ಗಿಡದ ತುಂಬ ಹೂವಾಯಿತು.

ಅಜ್ಜಿ ಮುಖ ಮುಂದೆ ಚಾಚಿ ಹೂವಿಗೆ ಮೂಗು ಒತ್ತಿದಳು. ಆ ಹೂವಿಗೆ ವಾಸನೆಯೂ ಇಲ್ಲ. ಒದ್ದೆ, ತಣ್ಣಗೆ, ಅಷ್ಟೇ.

"ನೀಲಿನಾ ಮಗಳೇ?"

"ನೀಲಿ, ಅಜ್ಜಿ."

"ತುಂಬಾ ನೀಲಿನಾ?"

ಮೊಮ್ಮಗಳು ಅಜ್ಜಿಯ ಕುತ್ತಿಗೆಗೆ ತಲೆ ಒರಗಿಸಿದಳು. ಅಜ್ಜಿ ಮತ್ತೆ ಕೇಳಿದಳು.

ನೀತಿ: ಸಿಹಿಮಾತು ಕೇಳಿ ನಿನಗೆ ಗೊತ್ತಿದ್ದ ಸತ್ಯವನ್ನು ಬಿಡಬೇಡ, ಮೋಸ ಮಾಡಿದವನಿಗೆ ಶಿಕ್ಷೆಯಾದರೂ ಕಳೆದ ಕಾಲ ತಿರುಗಿ ಬರುವುದಿಲ್ಲ.